ಲ್ಯಾಮಿನೇಟ್ ಅಡುಗೆ ಕಟ್ಟೆಯ ಕಲೆ: ಸೋಡಾ, ಸ್ಪಿರಿಟ್, ಬ್ಲೀಚ್ – ಯಾವ ಕಲೆಗೆ ಯಾವುದು?

ನಮ್ಮ ಅಡುಗೆ ಕಟ್ಟೆಗೆ ತಿಳಿ ಬೂದು ಬಣ್ಣದ ಹೊಳಪು ಲ್ಯಾಮಿನೇಟ್ ಇದೆ. ಒಂದು ರಾತ್ರಿ ಅರಿಶಿನದ ಡಬ್ಬಿಯನ್ನು ಅದರ ಮೇಲೆ ಹಾಗೇ ಬಿಟ್ಟಿದ್ದೆ. ಡಬ್ಬಿಯ ತಳ ಒದ್ದೆಯಾಗಿದ್ದದ್ದು ಗೊತ್ತಿರಲಿಲ್ಲ. ಬೆಳಿಗ್ಗೆ ಎತ್ತಿದರೆ ಕೆಳಗೆ ದುಂಡಗೆ ಒಂದು ಹಳದಿ ಉಂಗುರ. ಎಲ್ಲರೂ ಹೇಳುವ ಹಾಗೆ ಅಡುಗೆ ಸೋಡಾ ಕಲಸಿ ಮೆತ್ತಿದೆ. ನೋಡನೋಡುತ್ತಾ ಹಳದಿ ಹೋಗಿ ಉಂಗುರ ಇಟ್ಟಿಗೆ ಕೆಂಪಾಯಿತು! ಗಾಬರಿಯಲ್ಲಿ ಉಜ್ಜಿದೆ. ಹೋಗಲಿಲ್ಲ. ಆಮೇಲೆ ಬಿಳಿ ಮ್ಯಾಜಿಕ್ ಸ್ಪಾಂಜ್ ತಂದು ಹತ್ತು ನಿಮಿಷ ತಿಕ್ಕಿದೆ. ಬಣ್ಣ ಹೋಯಿತು, ಜೊತೆಗೆ ಹೊಳಪೂ ಹೋಯಿತು. ಇವತ್ತಿಗೂ ಸಂಜೆ ಕಿಟಕಿಯಿಂದ ಓರೆ ಬೆಳಕು ಬಿದ್ದಾಗ ಅಂಗೈ ಅಗಲದ ಒಂದು ಮಂಕು ತೇಪೆ ಅಲ್ಲಿ ಕಾಣುತ್ತದೆ.

ಆ ತೇಪೆ ಕಲೆಯಿಂದ ಆದದ್ದಲ್ಲ. ನನ್ನ ಕೈಯಿಂದ ಆದದ್ದು. ಅರಿಶಿನದ ಕಲೆ ಸುಮ್ನೆ ಬಿಟ್ಟಿದ್ದರೂ ಕೆಲವು ವಾರಗಳಲ್ಲಿ ಮಾಸುತ್ತಿತ್ತು. ತೇಪೆ ಮಾತ್ರ ಹೋಗುವ ಹಾಗಿಲ್ಲ. ಆಮೇಲೆ ಕೂತು ಇದರ ಬಗ್ಗೆ ಓದಿದೆ, ಉಳಿದ ಲ್ಯಾಮಿನೇಟ್ ತುಂಡುಗಳ ಮೇಲೆ ಬೇಕಂತಲೇ ಕಲೆ ಮಾಡಿ ಒಂದೊಂದನ್ನೇ ಹಾಕಿ ನೋಡಿದೆ. ಅದರಲ್ಲಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಕಟ್ಟೆಯ ಮೈ ಎಂಥದ್ದು ಅಂತ ನೋಡೋಣ

ನಾವು ರೂಢಿಯಲ್ಲಿ ಸನ್‌ಮೈಕಾ ಅನ್ನುವ ಈ ಹಾಳೆ ಅಸಲಿಗೆ ಕಾಗದ. ಕೆಳಗೆ ಫೀನಾಲಿಕ್ ರಾಳದಲ್ಲಿ ಅದ್ದಿದ ಕಂದು ಕಾಗದದ ಹಲವು ಪದರ. ಅದರ ಮೇಲೆ ಬಣ್ಣ ಅಥವಾ ಚಿತ್ತಾರ ಇರುವ ಒಂದು ಕಾಗದ. ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಮೆಲಮೈನ್ ರಾಳದ ತೆಳು ಹೊದಿಕೆ. ಇವನ್ನೆಲ್ಲ ಬಿಸಿ ಮತ್ತು ಭಾರೀ ಒತ್ತಡದಲ್ಲಿ ಅದುಮಿದರೆ ಸುಮಾರು 1 ಮಿಲಿಮೀಟರ್ ದಪ್ಪದ ಗಟ್ಟಿ ಹಾಳೆ ಆಗುತ್ತದೆ. ಅದನ್ನು ಪಾರ್ಟಿಕಲ್ ಬೋರ್ಡ್ ಅಥವಾ ಪ್ಲೈವುಡ್ ಮೇಲೆ ಅಂಟಿಸುತ್ತಾರೆ.

ಇದರ ಹುಟ್ಟು ಕೂಡ ಅಡುಗೆಮನೆಗಾಗಿ ಆದದ್ದಲ್ಲ. 1912ರಲ್ಲಿ ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದ ಡೇನಿಯಲ್ ಓ'ಕಾನರ್ ಮತ್ತು ಹರ್ಬರ್ಟ್ ಫೇಬರ್ ಇಬ್ಬರೂ ವಿದ್ಯುತ್ ಉಪಕರಣಗಳಲ್ಲಿ ಮೈಕಾ, ಅಂದರೆ ಕಾಗೆಬಂಗಾರದ ಬದಲಿಗೆ ಏನಾದರೂ ಬೇಕು ಅಂತ ಹುಡುಕುತ್ತಿದ್ದರು. ಹಾಗೆ ಹುಟ್ಟಿದ ಈ ಹಾಳೆಗೆ 'ಫಾರ್ ಮೈಕಾ', ಅಂದರೆ ಮೈಕಾದ ಬದಲಿಗೆ, ಅಂದದ್ದೇ ಫಾರ್ಮೈಕಾ ಅನ್ನುವ ಹೆಸರಾಯಿತು. ಮೇಲ್ಮೈಗೆ ಮೆಲಮೈನ್ ಬಂದದ್ದು 1930ರ ದಶಕದ ಕೊನೆಯಲ್ಲಿ. ಆಮೇಲೆ ಅದು ಅಡುಗೆಮನೆ ಹೊಕ್ಕಿತು.

ಈ ಕಥೆ ಯಾಕೆ ಅಂದರೆ, ಕಲೆ ತೆಗೆಯುವ ಲೆಕ್ಕವೆಲ್ಲ ಆ ಮೇಲಿನ ಮೆಲಮೈನ್ ಹೊದಿಕೆಯ ಮೇಲೆಯೇ ನಿಂತಿದೆ. ಅದು ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. ಹಾಗಾಗಿ ಸ್ಪಿರಿಟ್, ಅಸಿಟೋನ್ (ನೇಲ್ ಪಾಲಿಶ್ ತೆಗೆಯುವ ದ್ರವ) ಥರದವುಗಳಿಗೆ ಅದು ಜಗ್ಗುವುದಿಲ್ಲ. ಆದರೆ ಅದು ತೀರಾ ತೆಳು. ತಿಕ್ಕಿದಷ್ಟೂ ಸವೆಯುತ್ತದೆ, ಸವೆದದ್ದು ಮತ್ತೆ ಬೆಳೆಯುವುದಿಲ್ಲ. ಮರವನ್ನಾದರೆ ಮತ್ತೆ ಪಾಲಿಶ್ ಮಾಡಬಹುದು, ಕಲ್ಲನ್ನು ಉಜ್ಜಿ ಹೊಳಪು ಬರಿಸಬಹುದು. ಇಲ್ಲಿ ಆ ಅವಕಾಶವೇ ಇಲ್ಲ.

ನಿಮ್ಮದು ನಿಜವಾಗಲೂ ಲ್ಯಾಮಿನೇಟೇನಾ ಅಂತ ಒಮ್ಮೆ ನೋಡಿಕೊಳ್ಳಿ. ಅಂಚಿನಲ್ಲಿ ಸಣ್ಣ ಕಂದು ಗೆರೆ ಕಂಡರೆ, ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿಲ್ಲದಿದ್ದರೆ, ತಟ್ಟಿದರೆ ಮರದ ಸದ್ದು ಬಂದರೆ ಬಹುಪಾಲು ಲ್ಯಾಮಿನೇಟೇ. ಅಕ್ರಿಲಿಕ್ ಹಾಳೆಯಾದರೆ ಮುಂದೆ ಹೇಳುವ ಸ್ಪಿರಿಟ್ ಮತ್ತು ಅಸಿಟೋನ್ ಎರಡನ್ನೂ ಮರೆತುಬಿಡಿ. ಅಕ್ರಿಲಿಕ್ ಬಿರುಕು ಬಿಡುತ್ತದೆ, ಕರಗಲೂಬಹುದು.

ಅದು ಕಲೆಯೇ ಹೌದಾ?

ಅರ್ಧ ಜನ ಎಡವುವುದು ಇಲ್ಲೇ. ಕಲೆ ಅಲ್ಲದ್ದನ್ನು ಕಲೆ ಅಂತ ಉಜ್ಜುತ್ತಾ ಕೂರುತ್ತಾರೆ.

ಒದ್ದೆ ಬಟ್ಟೆಯಿಂದ ಒರೆಸಿ ನೋಡಿ. ಒದ್ದೆ ಇದ್ದಾಗ ಮಾಯವಾಗಿ, ಒಣಗಿದ ಮೇಲೆ ಬೆಳ್ಳಗೆ ಮತ್ತೆ ಕಂಡರೆ ಅದು ಬಣ್ಣದ ಕಲೆಯಲ್ಲ. ಒಂದೋ ಗಡಸು ನೀರಿನ ಬಿಳಿ ಪೊರೆ, ಇಲ್ಲವೇ ಹೊಳಪು ಸವೆದ ಜಾಗ. ಪೊರೆಯಾದರೆ ವಿನೆಗರ್‌ಗೆ ಬಿಡುತ್ತದೆ. ಸವೆತವಾದರೆ ಯಾವುದಕ್ಕೂ ಬಿಡುವುದಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ. ಉಗುರಿಗೆ ಏನಾದರೂ ತಾಗಿದರೆ ಮೇಲೆ ಕೂತ ಜಿಡ್ಡು, ಅಂಟು ಅಥವಾ ಬಣ್ಣ. ನುಣ್ಣಗಿದ್ದರೆ ಒಳಗೆ ಇಳಿದ ಬಣ್ಣ. ಉಗುರು ಗೆರೆಯಲ್ಲಿ ಸಿಕ್ಕಿಕೊಂಡು ಆ ಗೆರೆ ಕಂದಾಗಿದ್ದರೆ, ಚಾಕು ಮೇಲಿನ ಪದರ ದಾಟಿ ಕೆಳಗಿನ ಕಂದು ಕಾಗದ ಮುಟ್ಟಿದೆ ಅಂತ ಅರ್ಥ. ಅದಕ್ಕೆ ಬ್ಲೀಚ್ ಹಾಕಿದರೆ ದಂಡ, ಅದು ಕಾಗದದ ಸ್ವಂತ ಬಣ್ಣ.

ಬಿಸಿ ಪಾತ್ರೆ ಇಟ್ಟ ಜಾಗದ ಕಂದು ವೃತ್ತವೂ ಹಾಗೇ. ಅದು ಸುಟ್ಟದ್ದು. ಜೋಡಣೆಯ ಹತ್ತಿರ ಕಪ್ಪು ಗೆರೆ ಇದ್ದು ಅಕ್ಕಪಕ್ಕ ಸ್ವಲ್ಪ ಉಬ್ಬಿದ್ದರೆ ನೀರು ಒಳಗಿನ ಹಲಗೆಗೆ ಇಳಿದಿದೆ. ಅಲ್ಲಿ ಮತ್ತೆ ನೀರು ಹಾಕಿ ತೊಳೆದರೆ ಇನ್ನಷ್ಟು ಉಬ್ಬುತ್ತದೆ.

ಎಲ್ಲಕ್ಕೂ ಮೊದಲು ಪಾತ್ರೆ ತೊಳೆಯುವ ಲಿಕ್ವಿಡ್

ಇದನ್ನು ಆಯ್ಕೆ ಅಂತಲೇ ಲೆಕ್ಕಕ್ಕೆ ಹಿಡಿಯದವರು ಜಾಸ್ತಿ. ನನ್ನ ಪ್ರಕಾರ ಹತ್ತರಲ್ಲಿ ಆರೇಳು ಕಲೆ ಇದರಲ್ಲೇ ಮುಗಿಯುತ್ತದೆ, ಆದರೆ ಬಳಸುವ ರೀತಿ ಬೇರೆ ಇರಬೇಕು. ಬಿಸಿ ನೀರಿನಲ್ಲಿ ಒಂದೆರಡು ಹನಿ ಲಿಕ್ವಿಡ್ ಹಾಕಿ, ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಕಲೆಯ ಮೇಲೆ ಹಾಸಿಬಿಡಿ. ಹತ್ತು ನಿಮಿಷ ಬೇರೆ ಕೆಲಸ ನೋಡಿ. ಆಮೇಲೆ ಒರೆಸಿ.

ಒಲೆಯ ಪಕ್ಕದಲ್ಲಿ ಹಳದಿಗೆ ಅಂಟಂಟಾಗಿ ಕೂರುತ್ತದಲ್ಲ, ಅದು ಎಣ್ಣೆ ಗಾಳಿಗೆ ಮತ್ತು ಬಿಸಿಗೆ ಒಣಗಿ ಪೊರೆಯಾದದ್ದು. ಹಳೆಯದಾದಷ್ಟೂ ಗಟ್ಟಿ. ಅದಕ್ಕೆ ಈ ಬಿಸಿ ಬಟ್ಟೆ ಎರಡು ಮೂರು ಸಲ ಬೇಕಾಗುತ್ತದೆ. ನಡುವೆ ಪ್ಲಾಸ್ಟಿಕ್ ಚಮಚದ ಅಂಚಿನಿಂದ ಮೆಲ್ಲಗೆ ಎತ್ತಬಹುದು. ಇಲ್ಲಿ ಸೋಡಾಗೋ ಬ್ಲೀಚಿಗೋ ಕೈ ಹಾಕಿದರೆ ಉಪಯೋಗವಿಲ್ಲ. ಜಿಡ್ಡಿನ ಪೊರೆ ಮೇಲೆ ಇರುವ ತನಕ ಬೇರೆ ಯಾವುದೂ ಕಲೆಯನ್ನು ಮುಟ್ಟುವುದೇ ಇಲ್ಲ.

ಸೋಪಿಗೆ ಬಗ್ಗದ ಕಲೆ ಉಳಿದರೆ ಮುಂದಿನ ದಾರಿ ಮೂರು: ತಿಕ್ಕಿ ತೆಗೆಯುವುದು, ಕರಗಿಸಿ ತೆಗೆಯುವುದು, ಬಣ್ಣ ಕೆಡಿಸುವುದು. ಯಾವ ಬಾಟಲಿ ತಗೊಂಡರೂ ಅದು ಮಾಡುವುದು ಈ ಮೂರರಲ್ಲಿ ಒಂದನ್ನು. ಬಾಟಲಿಯ ಹೆಸರಿಗಿಂತ ಅದು ಏನು ಮಾಡುತ್ತದೆ ಅನ್ನುವುದನ್ನು ನೋಡಿ ಆರಿಸಿಕೊಳ್ಳಿ.

ತಿಕ್ಕಿ ತೆಗೆಯುವವು: ಸೋಡಾ, ಟೂತ್‌ಪೇಸ್ಟ್, ಮ್ಯಾಜಿಕ್ ಸ್ಪಾಂಜ್

ಇವುಗಳಲ್ಲಿ ಎಲ್ಲಕ್ಕಿಂತ ಸಾಧು ಅಡುಗೆ ಸೋಡಾ. ಅದರ ಹರಳು ಮೆತ್ತಗೆ, ನೀರು ತಾಗಿದರೆ ಮೂಲೆಗಳು ಕರಗಿ ಇನ್ನೂ ಮೆತ್ತಗಾಗುತ್ತದೆ. ಮೂರು ಪಾಲು ಸೋಡಾಗೆ ಒಂದು ಪಾಲು ನೀರು ಹಾಕಿ ಕಲಸಿದರೆ ಜಾರದ ಹಾಗೆ ನಿಲ್ಲುವ ಪೇಸ್ಟ್ ಆಗುತ್ತದೆ. ಮೆತ್ತಿ ಹದಿನೈದು ನಿಮಿಷ ಬಿಡಿ, ಒಣಗಲು ಬಿಡಬೇಡಿ. ಆಮೇಲೆ ಬಟ್ಟೆಯಿಂದ ಹಗುರವಾಗಿ ದುಂಡಗೆ ಒರೆಸಿ. ಚಹಾ, ಕಾಫಿಯ ಹೊಸ ಉಂಗುರ, ಹಣ್ಣಿನ ರಸ ಇಂಥವಕ್ಕೆ ಇದು ಸಾಕು.

ಟೂತ್‌ಪೇಸ್ಟ್ ಮಾಡುವುದೂ ಅದೇ ಕೆಲಸ, ಆದರೆ ಅದರಲ್ಲಿರುವ ಪುಡಿ ಸಾಮಾನ್ಯವಾಗಿ ಸೋಡಾಕ್ಕಿಂತ ಗಡಸು. ಹಲ್ಲು ಬಿಳಿ ಮಾಡುವ ಪೇಸ್ಟ್‌ಗಳಲ್ಲಂತೂ ಇನ್ನೂ ಜಾಸ್ತಿ. ಸೋಡಾ ಮನೆಯಲ್ಲಿರುವಾಗ ಟೂತ್‌ಪೇಸ್ಟ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇನ್ನು ಮ್ಯಾಜಿಕ್ ಸ್ಪಾಂಜ್. ಇದರ ಬಗ್ಗೆ ನನಗೆ ಸ್ವಲ್ಪ ಕೋಪವೇ ಇದೆ, ಆದರೂ ನ್ಯಾಯವಾಗಿ ಹೇಳುತ್ತೇನೆ. ಕೈಗೆ ಮೆತ್ತಗೆ ಸಿಗುವ ಈ ಬಿಳಿ ತುಂಡು ಮೆಲಮೈನ್ ನೊರೆ. ಹೌದು, ನಿಮ್ಮ ಕಟ್ಟೆಯ ಮೇಲ್ಪದರ ಯಾವ ರಾಳವೋ ಅದೇ ರಾಳ, ನೊರೆಯ ರೂಪದಲ್ಲಿ. ಕಣ್ಣಿಗೆ ಕಾಣದಷ್ಟು ಸಣ್ಣ ಗಡಸು ಎಳೆಗಳ ಬಲೆ ಅದು. ಅದಕ್ಕೇ ಸೋಪಿಲ್ಲದೆ ಬರೀ ನೀರಿನಲ್ಲೇ ಕಲೆ ತೆಗೆಯುತ್ತದೆ. ಮಾಡುವ ಕೆಲಸ ಬಹಳ ನುಣುಪಾದ ಉಪ್ಪು ಕಾಗದದ್ದು. ಗಡಸುತನದಲ್ಲಿ ಕಟ್ಟೆಗೆ ಸರಿಸಮಾನ ಆಗಿರುವುದರಿಂದ ತಿಕ್ಕಿದಾಗ ಎರಡೂ ಸವೆಯುತ್ತವೆ. ಸ್ಪಾಂಜ್ ಪುಡಿಪುಡಿಯಾಗಿ ಉದುರುವುದು ನಮಗೆ ಕಾಣುತ್ತದೆ, ಕಟ್ಟೆಯ ಸವೆತ ಕಾಣುವುದಿಲ್ಲ.

ಮ್ಯಾಟ್ ಅಂದರೆ ಹೊಳಪಿಲ್ಲದ, ತಿಳಿ ಬಣ್ಣದ ಕಟ್ಟೆಯಾದರೆ ಚೆನ್ನಾಗಿ ಒದ್ದೆ ಮಾಡಿದ ಸ್ಪಾಂಜಿನಿಂದ ನಾಲ್ಕೈದು ಸಲ ಹಗುರವಾಗಿ ಒರೆಸಬಹುದು, ದೊಡ್ಡ ನಷ್ಟವಿಲ್ಲ. ಹೊಳಪಿನ ಕಟ್ಟೆಗೆ ಬೇಡ. ಗಾಢ ಬಣ್ಣದ ಹೊಳಪಿನ ಕಟ್ಟೆಗೆ ಬೇಡವೇ ಬೇಡ. ಮರದ ಗೆರೆಗಳ ಹಾಗೆ ಉಬ್ಬುತಗ್ಗು ಇರುವ ಕಟ್ಟೆಯಲ್ಲಿ ಕೊಳೆ ಕೂರುವುದು ತಗ್ಗಿನಲ್ಲಿ, ಸ್ಪಾಂಜ್ ಸವೆಸುವುದು ಉಬ್ಬನ್ನು. ಅಲ್ಲಿಗೆ ಮೆತ್ತನೆಯ ಹಳೆಯ ಟೂತ್‌ಬ್ರಷ್ ಮತ್ತು ಸೋಪಿನ ನೀರೇ ವಾಸಿ.

ಪಾತ್ರೆ ತಿಕ್ಕುವ ಪುಡಿ, ಹಸಿರು ಸ್ಕ್ರಬ್ಬರ್, ಸ್ಟೀಲ್ ನಾರು ಮೂರೂ ಕಟ್ಟೆಯ ಹತ್ತಿರ ಸುಳಿಯಬಾರದು. ಕಬ್ಬಿಣದ ಸಣ್ಣ ನಾರಿನಲ್ಲಿ ಇನ್ನೊಂದು ತೊಂದರೆ: ಮುರಿದ ಚೂರು ಗೀರಿನಲ್ಲಿ ಸಿಕ್ಕಿಕೊಂಡು ಆಮೇಲೆ ತುಕ್ಕು ಹಿಡಿಯುತ್ತದೆ. ಒಂದು ಕಲೆ ತೆಗೆಯಲು ಹೋಗಿ ಹತ್ತು ಚುಕ್ಕಿ. ಜೊತೆಗೆ ಗೀರು ಬಿದ್ದ ಜಾಗದಲ್ಲಿ ಮುಂದಿನ ಕಲೆ ಇನ್ನೂ ಬೇಗ, ಇನ್ನೂ ಆಳಕ್ಕೆ ಹಿಡಿಯುತ್ತದೆ.

ಕರಗಿಸುವವು: ಎಣ್ಣೆ, ಸ್ಪಿರಿಟ್, ಅಸಿಟೋನ್

ನನ್ನ ಪಕ್ಷ ಯಾವುದು ಅಂತ ಕೇಳಿದರೆ ಇವುಗಳದ್ದು. ಕಲೆ ಕರಗಿ ಬಟ್ಟೆಗೆ ಬರುತ್ತದೆ, ಕಟ್ಟೆ ಹಾಗೇ ಇರುತ್ತದೆ. ಗಟ್ಟಿಯಾದ ಮೆಲಮೈನ್‌ಗೆ ಇವುಗಳಿಂದ ಭಯವಿಲ್ಲ.

ನಾನು ಉಳಿದ ತುಂಡಿನ ಮೇಲೆ ಮಾಡಿದ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಕಣ್ಣು ತೆರೆಸಿದ್ದು ಅರಿಶಿನ ಮತ್ತು ಸ್ಪಿರಿಟ್. ಅರಿಶಿನದ ಬಣ್ಣ ಕೊಡುವ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಅದಕ್ಕೇ ಎಷ್ಟು ನೀರು ಹಾಕಿ ಒರೆಸಿದರೂ ಹೋಗುವುದಿಲ್ಲ, ಸುತ್ತ ಹರಡುತ್ತದೆ ಅಷ್ಟೇ. ಎಣ್ಣೆಯಲ್ಲಿ ಮತ್ತು ಸ್ಪಿರಿಟ್‌ನಲ್ಲಿ ಚೆನ್ನಾಗಿ ಕರಗುತ್ತದೆ. ಹತ್ತಿ ಉಂಡೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ (ನಾನು ಇಲ್ಲಿ ಸ್ಪಿರಿಟ್ ಅನ್ನುವುದು ಇದನ್ನೇ) ಅದ್ದಿ ಕಲೆಯ ಮೇಲೆ ಒತ್ತಿ ಹಿಡಿದೆ. ಉಜ್ಜಲಿಲ್ಲ. ಒಂದು ನಿಮಿಷ ಬಿಟ್ಟು ಎತ್ತಿದರೆ ಹತ್ತಿಯ ತಳ ಪೂರ್ತಿ ಹಳದಿ. ಹೊಸ ಹತ್ತಿ, ಮತ್ತೆ ಒಂದು ನಿಮಿಷ. ಮೂರನೆಯ ಉಂಡೆ ತಿಳಿ ಹಳದಿ, ಐದನೆಯದು ಹೆಚ್ಚುಕಡಿಮೆ ಬಿಳಿ. ತುಂಡಿನ ಮೇಲೆ ಉಳಿದದ್ದು ಗೊತ್ತಿದ್ದವರಿಗೆ ಮಾತ್ರ ಕಾಣುವಷ್ಟು ನೆರಳು.

ಪ್ರತಿ ಸಲ ಹತ್ತಿ ಬದಲಾಯಿಸಬೇಕು. ಹಳೆಯದರಲ್ಲೇ ಮುಂದುವರಿಸಿದರೆ ಕರಗಿದ ಬಣ್ಣವನ್ನು ಮತ್ತೆ ಕಟ್ಟೆಗೇ ಬಳಿದ ಹಾಗೆ. ಒರೆಸುವಾಗ ಅಂಚಿನಿಂದ ನಡುವಿಗೆ ಬನ್ನಿ, ನಡುವಿನಿಂದ ಹೊರಗೆ ಹೋದರೆ ಕಲೆ ದೊಡ್ಡದಾಗುತ್ತದೆ. ಸ್ಪಿರಿಟ್ ಇಲ್ಲದಿದ್ದರೆ ಆಲ್ಕೋಹಾಲ್ ಇರುವ ಕೈ ಸ್ಯಾನಿಟೈಸರ್ ಆದೀತು. ಜೆಲ್ ಆಗಿರುವುದರಿಂದ ಬೇಗ ಆರುವುದಿಲ್ಲ, ಅದೊಂದು ಅನುಕೂಲವೇ. ಅದೂ ಇಲ್ಲವಾದರೆ ಒಂದೆರಡು ಹನಿ ಅಡುಗೆ ಎಣ್ಣೆ ಸವರಿ ಐದು ನಿಮಿಷ ಬಿಟ್ಟು ಸೋಪಿನಿಂದ ತೊಳೆಯಿರಿ. ಕೇಳಲು ವಿಚಿತ್ರ, ಆದರೆ ಹೊಸ ಅರಿಶಿನದ ಕಲೆಗೆ ಇದು ಸೋಡಾಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಅಂದ ಹಾಗೆ ಆ ಕೆಂಪಿನ ಗುಟ್ಟು ಇಷ್ಟೇ. ಕರ್ಕ್ಯುಮಿನ್‌ಗೆ ಕ್ಷಾರ ತಾಗಿದರೆ ಕೆಂಪಾಗುತ್ತದೆ, ಹುಳಿ ತಾಗಿದರೆ ಮತ್ತೆ ಹಳದಿಗೆ ಬರುತ್ತದೆ. ಸೋಡಾ ಕ್ಷಾರ, ಕೆಲವು ಸೋಪುಗಳೂ ಕ್ಷಾರ. ಕೆಂಪಾಯಿತು ಅಂತ ಹೆದರಬೇಕಿಲ್ಲ, ಕಲೆ ಹೆಚ್ಚಾಗಿರುವುದಿಲ್ಲ. ಅವತ್ತು ನನಗೆ ಇಷ್ಟು ಗೊತ್ತಿದ್ದರೆ ಸ್ಪಾಂಜಿಗೆ ಕೈ ಹಾಕುತ್ತಿರಲಿಲ್ಲ.

ಬಾಲ್‌ಪೆನ್ನಿನ ಶಾಯಿ, ಪರ್ಮನೆಂಟ್ ಮಾರ್ಕರ್, ಒದ್ದೆ ಪ್ಲಾಸ್ಟಿಕ್ ಚೀಲದಿಂದ ಕಟ್ಟೆಗೆ ಅಚ್ಚಾದ ಬಣ್ಣದ ಅಕ್ಷರಗಳು, ಸ್ಟಿಕ್ಕರ್ ಕಿತ್ತ ಮೇಲೆ ಉಳಿಯುವ ಅಂಟು, ಇವಕ್ಕೆಲ್ಲ ಸ್ಪಿರಿಟ್ಟೇ ಮೊದಲ ಆಯ್ಕೆ.

ಅಸಿಟೋನ್, ಅಂದರೆ ಬಹಳಷ್ಟು ನೇಲ್ ಪಾಲಿಶ್ ರಿಮೂವರ್‌ಗಳಲ್ಲಿ ಇರುವುದು, ಇದಕ್ಕಿಂತ ಜೋರು. ನೇಲ್ ಪಾಲಿಶ್ ಚೆಲ್ಲಿದ್ದಕ್ಕೆ, ಸೂಪರ್ ಗ್ಲೂಗೆ, ಒಣಗಿದ ಪೇಂಟ್‌ಗೆ ಇದು ಬೇಕು. ಸ್ಪಿರಿಟ್‌ನಲ್ಲಿ ಆಗುವ ಕೆಲಸಕ್ಕೆ ಇದನ್ನು ತೆಗೆಯಬೇಡಿ. ಕಟ್ಟೆಯ ನಡುವೆ ಇದರಿಂದ ತೊಂದರೆಯಿಲ್ಲ. ತೊಂದರೆ ಇರುವುದು ಅಂಚಿನಲ್ಲಿ. ಅಲ್ಲಿ ಅಂಟಿಸಿರುವ ಪಟ್ಟಿ ಪ್ಲಾಸ್ಟಿಕ್‌ನದ್ದಾದರೆ ಅಸಿಟೋನ್ ಅದನ್ನು ಮೆತ್ತಗೆ ಮಾಡುತ್ತದೆ, ಕೆಳಗಿನ ಅಂಟನ್ನೂ ಸಡಿಲಿಸುತ್ತದೆ. ಹಾಗಾಗಿ ಹತ್ತಿಗೆ ಹಾಕಿಕೊಂಡೇ ಬಳಸಿ, ಬಾಟಲಿಯಿಂದ ನೇರ ಸುರಿಯಬೇಡಿ. ಸ್ಪಿರಿಟ್, ಅಸಿಟೋನ್ ಎರಡೂ ಭಗ್ಗನೆ ಹತ್ತಿಕೊಳ್ಳುವ ವಸ್ತುಗಳು. ಪಕ್ಕದ ಒಲೆ ಆರಿಸಿ, ಕಿಟಕಿ ತೆಗೆದು ಕೆಲಸ ಮಾಡಿ. ಅಡುಗೆಮನೆಯಲ್ಲಿ ಇದು ಮರೆತುಹೋಗುವ ಮಾತು, ಅದಕ್ಕೇ ಹೇಳಿದೆ.

ಬಣ್ಣ ಕೆಡಿಸುವವು: ಪೆರಾಕ್ಸೈಡ್, ಬ್ಲೀಚ್, ಬಿಸಿಲು

ಕರಗದೆ ಉಳಿದ ನೆರಳಿಗೆ ಇವು. ಕಲೆಯನ್ನು ತೆಗೆಯುವುದಿಲ್ಲ, ಅದರ ಬಣ್ಣವನ್ನು ಮುರಿಯುತ್ತವೆ.

ಮೂರರಲ್ಲಿ ಮೆದು ಹೈಡ್ರೋಜನ್ ಪೆರಾಕ್ಸೈಡ್. ಔಷಧಿ ಅಂಗಡಿಗಳಲ್ಲಿ ಸಿಗುವ 3 ಶೇಕಡಾದ್ದು ಸಾಕು. ಬೆಳಕು ತಾಗಿದರೆ ಅದು ಕೆಟ್ಟು ಬರೀ ನೀರು ಮತ್ತು ಆಮ್ಲಜನಕ ಆಗುತ್ತದೆ. ಕಂದು ಬಾಟಲಿಯಲ್ಲಿ ಬರುವುದು ಅದಕ್ಕೇ, ಬೇರೆ ಬಾಟಲಿಗೆ ಸುರಿದಿಡಬೇಡಿ. ಸೋಡಾದ ಜೊತೆ ಕಲಸಿ ಮೆತ್ತಿ, ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅರ್ಧ ಗಂಟೆ ಬಿಡಿ. ಹಳೆಯ ಚಹಾ, ಕಾಫಿ ಕಲೆಗೆ ನಾನು ಕಂಡ ಒಳ್ಳೆಯ ಉಪಾಯ ಇದೇ. ಒಂದೇ ಸಲಕ್ಕೆ ಹೋಗದಿದ್ದರೆ ಮಾರನೇ ದಿನ ಮತ್ತೊಮ್ಮೆ. ಹೊತ್ತು ಹಿಡಿಯುತ್ತದೆ, ಆದರೆ ವಾಸನೆಯಿಲ್ಲ.

ಬ್ಲೀಚ್ ಇದಕ್ಕಿಂತ ಎಷ್ಟೋ ಜೋರು ಮತ್ತು ಬೇಗ. ಲ್ಯಾಮಿನೇಟ್ ಮೇಲೆ ಬ್ಲೀಚ್ ಹಾಕಲೇಬಾರದು ಅನ್ನುವವರೂ ಇದ್ದಾರೆ, ಸುರಿದು ರಾತ್ರಿಯಿಡೀ ಬಿಡಿ ಅನ್ನುವವರೂ ಇದ್ದಾರೆ. ಎರಡೂ ಅತಿ. ಮನೆಬಳಕೆಯ ಬ್ಲೀಚ್ ಅನ್ನು ಹತ್ತಿಯಲ್ಲಿ ಅದ್ದಿ ಕಲೆಯ ಮೇಲೆ ಮಾತ್ರ ಇಟ್ಟು, ಹೆಚ್ಚೆಂದರೆ ಎರಡು ನಿಮಿಷ ಬಿಟ್ಟು, ತಕ್ಷಣ ಒದ್ದೆ ಬಟ್ಟೆಯಿಂದ ಎರಡು ಮೂರು ಸಲ ಒರೆಸಿದರೆ ಕಟ್ಟೆ ತಡೆದುಕೊಳ್ಳುತ್ತದೆ. ಹೊತ್ತು ಮೀರಿದರೆ ಕಲೆಯ ಬಣ್ಣ ಮುಗಿದು ಚಿತ್ತಾರದ ಬಣ್ಣಕ್ಕೆ ಕೈ ಹಾಕಬಹುದು. ಫೋನಿನಲ್ಲಿ ಟೈಮರ್ ಇಟ್ಟುಕೊಳ್ಳಿ, 'ಎರಡು ನಿಮಿಷ ಆಗಿರಬೇಕು' ಅನ್ನುವ ಅಂದಾಜು ಬೇಡ. ಅರಿಶಿನದ ಮೇಲೆ ಬ್ಲೀಚ್ ಹಾಕಿದರೆ ಮೊದಲು ಕೆಂಪಾಗಿ ಆಮೇಲೆ ಬಿಳಚಿಕೊಳ್ಳುತ್ತದೆ, ಕ್ಷಾರದ ಆಟವೇ ಅದು.

ಬ್ಲೀಚ್ ತೆಗೆದ ದಿನ ಬೇರೆ ಎಲ್ಲ ಬಾಟಲಿಗಳನ್ನೂ ಒಳಗೆ ಇಡಿ. ವಿನೆಗರ್ ಅಥವಾ ನಿಂಬೆ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಅಮೋನಿಯಾ ಇರುವ ಗಾಜು ಕ್ಲೀನರ್ ಜೊತೆ ಕ್ಲೋರಮೈನ್ ಅನಿಲ. ಸ್ಪಿರಿಟ್, ಅಸಿಟೋನ್ ಜೊತೆಗೂ ವಿಷದ ಆವಿಗಳೇ. 'ಒಂದರಲ್ಲಿ ಹೋಗಲಿಲ್ಲ, ಅದರ ಮೇಲೆ ಇನ್ನೊಂದು ಹಾಕೋಣ' ಅಂತ ಹೊರಟಾಗಲೇ ಅನಾಹುತ ಆಗುವುದು. ಒಂದನ್ನು ಹಾಕಿದ್ದರೆ ಚೆನ್ನಾಗಿ ತೊಳೆದು ಒರೆಸಿ, ಇನ್ನೊಂದನ್ನು ನಾಳೆ ನೋಡಿ.

ಬಿಸಿಲನ್ನು ಆಯ್ಕೆ ಅಂತ ಯಾರೂ ಹೇಳುವುದಿಲ್ಲ. ಆದರೆ ಅರಿಶಿನದ ಮಟ್ಟಿಗೆ ಅದು ನಿಜವಾದ ಆಯ್ಕೆ. ಕರ್ಕ್ಯುಮಿನ್ ಬೆಳಕಿಗೆ ಕೆಡುತ್ತದೆ. ಕಟ್ಟೆಯ ಆ ಭಾಗಕ್ಕೆ ಕಿಟಕಿಯ ಬಿಸಿಲು ಬೀಳುತ್ತಿದ್ದರೆ, ಸ್ಪಿರಿಟ್ ನಂತರ ಉಳಿದ ನೆರಳನ್ನು ಹಾಗೇ ಬಿಟ್ಟುಬಿಡಿ. ನನ್ನ ಪರೀಕ್ಷೆಯ ತುಂಡನ್ನು ಕಿಟಕಿಯ ಹತ್ತಿರ ಇಟ್ಟಿದ್ದೆ. ಅರ್ಧಕ್ಕೆ ರಟ್ಟು ಮುಚ್ಚಿದ್ದೆ. ಕೆಲವು ದಿನಗಳ ಮೇಲೆ ರಟ್ಟು ತೆಗೆದರೆ ಅಡಿಯಲ್ಲಿದ್ದ ಅರ್ಧ ಹಳದಿಯಾಗಿಯೇ ಇತ್ತು, ತೆರೆದ ಅರ್ಧ ಬಹುತೇಕ ಮಾಸಿತ್ತು. ಖರ್ಚಿಲ್ಲ, ಶ್ರಮವಿಲ್ಲ, ಸವೆತವಿಲ್ಲ. ಬೇಕಿರುವುದು ತಾಳ್ಮೆ ಮಾತ್ರ, ಅದು ನನ್ನ ಹತ್ತಿರ ಅವತ್ತು ಇರಲಿಲ್ಲ.

ವಿನೆಗರ್ ಎಲ್ಲಿ ಸರಿ, ಎಲ್ಲಿ ದಂಡ

ವಿನೆಗರ್‌ಗೆ ಇರುವ ಹೆಸರು ಅದು ಮಾಡುವ ಕೆಲಸಕ್ಕಿಂತ ದೊಡ್ಡದು. ನಲ್ಲಿಯ ಸುತ್ತ ಕೂರುವ ಗಡಸು ನೀರಿನ ಬಿಳಿ ಪೊರೆಗೆ ಅದು ಹೇಳಿ ಮಾಡಿಸಿದ್ದು. ಸಮಪಾಲು ನೀರು ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಹತ್ತು ನಿಮಿಷ ಹೊದಿಸಿ. ತುಕ್ಕಿನ ಉಂಗುರಕ್ಕೂ ಹುಳಿಯೇ ಬೇಕು. ಅದಕ್ಕೆ ನಿಂಬೆ ರಸ ಇನ್ನೂ ಒಳ್ಳೆಯದು, ಐದು ನಿಮಿಷ ಬಿಟ್ಟು ಒರೆಸಿ, ಬೇಕಾದರೆ ಮತ್ತೊಮ್ಮೆ. ತುಕ್ಕಿಗೆ ಮಾತ್ರ ಬ್ಲೀಚ್ ಹಾಕಬೇಡಿ, ತುಕ್ಕು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಇದರಾಚೆ ಜಿಡ್ಡಿಗೆ, ಅರಿಶಿನಕ್ಕೆ, ಶಾಯಿಗೆ ವಿನೆಗರ್‌ನಿಂದ ಏನೂ ಆಗುವುದಿಲ್ಲ. ಸೋಡಾ ಹಾಕಿ ಮೇಲೆ ವಿನೆಗರ್ ಸುರಿದು ಬುಸ್ ಅಂತ ನೊರೆ ಬರಿಸುವುದು ನೋಡಲು ಚೆಂದ. ಆದರೆ ಅಲ್ಲಿ ಕ್ಷಾರ, ಹುಳಿ ಎರಡೂ ಒಂದನ್ನೊಂದು ತಿಂದುಕೊಂಡು ಕೊನೆಗೆ ಉಳಿಯುವುದು ಸ್ವಲ್ಪ ಉಪ್ಪು ಬೆರೆತ ನೀರು. ಎರಡರ ಶಕ್ತಿಯೂ ಹೋಯಿತು. ಬೇರೆ ಬೇರೆಯಾಗಿ ಬಳಸಿದ್ದರೆ ಎರಡೂ ಒಂದೊಂದು ಕೆಲಸಕ್ಕೆ ಬರುತ್ತಿದ್ದವು.

ಟಾಯ್ಲೆಟ್ ಕ್ಲೀನರ್, ತುಕ್ಕು ತೆಗೆಯುವ ಆಸಿಡ್, ಕಟ್ಟಿದ ಪೈಪ್ ಬಿಡಿಸುವ ಪುಡಿ, ಓವನ್ ಕ್ಲೀನರ್ ಇವುಗಳ ಹನಿ ಬಿದ್ದರೂ ಸಾಕು, ಕಟ್ಟೆಯ ಮೈ ಸುಟ್ಟು ಶಾಶ್ವತ ಗುರುತು ಉಳಿಯಬಹುದು. ಬಾಟಲಿಯನ್ನು ಕಟ್ಟೆಯ ಮೇಲೆ ಇಡುವುದೂ ಬೇಡ. ಹೊರಮೈಯಲ್ಲಿ ಸೋರಿದ ಒಂದು ಹನಿ ತಳದಲ್ಲಿ ಉಂಗುರ ಬರೆದುಬಿಡುತ್ತದೆ.

ಹಾಗಾದರೆ ಮುಂದೆ ಕಲೆ ಕಂಡಾಗ ಏನು ಮಾಡಲಿ?

ನಾನೀಗ ಮಾಡುವುದು ಹೀಗೆ. ಏನು ಚೆಲ್ಲಿದ್ದು ಅಂತ ಗೊತ್ತಿದ್ದರೆ ನೇರ ಅದರ ದಾರಿ. ಗೊತ್ತಿಲ್ಲದಿದ್ದರೆ ಮೊದಲು ಸೋಪಿನ ಬಿಸಿ ಬಟ್ಟೆ. ಹೋಗದಿದ್ದರೆ ಸ್ಪಿರಿಟ್ ಹತ್ತಿ ಒತ್ತಿ ನೋಡುತ್ತೇನೆ. ಹತ್ತಿಗೆ ಸ್ವಲ್ಪವಾದರೂ ಬಣ್ಣ ಬಂದರೆ ಅದನ್ನೇ ಮುಂದುವರಿಸುತ್ತೇನೆ. ಬಣ್ಣವೇ ಬರದಿದ್ದರೆ ಸೋಡಾ ಪೇಸ್ಟ್ ಹದಿನೈದು ನಿಮಿಷ. ಆಮೇಲೆ ಪೆರಾಕ್ಸೈಡ್. ಬ್ಲೀಚ್ ತನಕ ಹೋಗುವುದು ಅಪರೂಪ. ಸೋಡಾ ಸ್ಪಿರಿಟ್‌ಗಿಂತ ಮುಂದೆ ಬರಬೇಕು ಅಂತ ಹಲವರು ಹೇಳುತ್ತಾರೆ. ಮ್ಯಾಟ್ ಕಟ್ಟೆಗೆ ಅದು ಸರಿ. ಹೊಳಪಿನ ಕಟ್ಟೆಗೆ ನಾನು ಒಪ್ಪುವುದಿಲ್ಲ, ತಿಕ್ಕುವ ವಸ್ತು ಎಷ್ಟೇ ಮೆದುವಾಗಿದ್ದರೂ ಕರಗಿಸುವುದರ ನಂತರವೇ ಬರಲಿ.

ಹೊಸ ವಸ್ತು ಏನೇ ಇರಲಿ, ಮಿಕ್ಸಿಯ ಹಿಂದೆಯೋ ಮೂಲೆಯಲ್ಲೋ ಒಂದು ಸಣ್ಣ ಜಾಗದಲ್ಲಿ ಹಾಕಿ ನೋಡಿ. ಒಣಗಿದ ಮೇಲೆ ನೋಡಬೇಕು, ಒದ್ದೆಯಲ್ಲಿ ಎಲ್ಲವೂ ಹೊಳೆಯುತ್ತದೆ. ಟಾರ್ಚನ್ನು ಕಟ್ಟೆಯ ಮಟ್ಟಕ್ಕೆ ಹಿಡಿದು ಓರೆ ಬೆಳಕಿನಲ್ಲಿ ನೋಡಿ, ಮಂಕಾಗಿದ್ದರೆ ಆಗ ಗೊತ್ತಾಗುತ್ತದೆ. ಜೋಡಣೆ ಮತ್ತು ಅಂಚಿನ ಹತ್ತಿರ ಯಾವ ದ್ರವವನ್ನೂ ನಿಲ್ಲಲು ಬಿಡಬೇಡಿ. ಬಟ್ಟೆ ಹಿಂಡಿಯೇ ಹಾಸಿ, ಕೊನೆಗೆ ಒಣ ಬಟ್ಟೆಯಿಂದ ಒರೆಸಿ.

ಹೊಳಪು ಆಗಲೇ ಹೋಗಿದ್ದರೆ? ಪೀಠೋಪಕರಣದ ಪಾಲಿಶ್ ತೆಳುವಾಗಿ ಸವರಿದರೆ ಸಣ್ಣ ಗೀರುಗಳು ಕೆಲವು ದಿನ ಮರೆಯಾಗುತ್ತವೆ. ಆಹಾರ ನೇರವಾಗಿ ಇಡುವ ಜಾಗಕ್ಕೆ ಅದು ಬೇಡ. ಸುಟ್ಟದ್ದು, ಆಳದ ಗೀರು, ಒಡೆದ ಅಂಚು ಇವಕ್ಕೆ ಕಟ್ಟೆಯ ಬಣ್ಣಕ್ಕೆ ಹೊಂದುವ ಲ್ಯಾಮಿನೇಟ್ ರಿಪೇರಿ ಪೇಸ್ಟ್ ಬರುತ್ತದೆ. ಸಣ್ಣ ಜಾಗಕ್ಕೆ ಪರವಾಗಿಲ್ಲ, ಆದರೆ ಅಂಗೈ ಅಗಲದ ತೇಪೆಗೆ ಹಾಕಿದರೆ ತೇಪೆಯ ಮೇಲೆ ಇನ್ನೊಂದು ತೇಪೆ. ಹೆಚ್ಚು ಹಾಳಾಗಿದ್ದರೆ ಹಾಳೆಯನ್ನೇ ಬದಲಾಯಿಸಬೇಕಾಗುತ್ತದೆ.

ನನ್ನ ತೇಪೆಯ ಮೇಲೆ ಈಗ ಹಣ್ಣಿನ ಬುಟ್ಟಿ ಇಟ್ಟಿದ್ದೇನೆ. ಅರಿಶಿನದ ಡಬ್ಬಿ ಒಂದು ಸಣ್ಣ ತಟ್ಟೆಯ ಮೇಲೆ ಕೂತಿದೆ.